ಹುಣಸೆಮರದ ತಿರುವು

ನಮ್ಮೂರಿಂದ ಹೊರಡುವ ರಸ್ತೆಗಳು ನಾಲ್ಕು. ನಾಲ್ಕೂ ಸಾಯಂಕಾಲದೊಳಗೆ ನಮ್ಮೂರಿಗೇ ಬಂದು ಸೇರುತ್ತವೆ. ಬೆಳಿಗ್ಗೆ ಪಡುವಲಿಗೆ ಹೊರಟವರು ಸಂಜೆ ಮೂಡಲ ಕಡೆಯಿಂದ ಬಸ್‌ಸ್ಟ್ಯಾಂಡಿಗೆ ಬಂದಿಳಿದು, ನಲ್ಲಿಯಲ್ಲಿ ಮುಖ ತೊಳೆದು ಮನೆಗೆ ಹೋಗುತ್ತಾರೆ. ಬಸ್ಸು ದಿನಕ್ಕೆ ಎರಡಿವೆ. ಬಸ್ಸಿನಲ್ಲಿ ಕೂತರೆ ಮಾತ್ರ ನಿದ್ದೆ ಬರುವ ಕೆಲವರು, ಮನೆಯಲ್ಲಿ ಮಾತು ಬಿಟ್ಟ ಗಂಡಹೆಂಡಿರು, ಇಂಥವರು ಅದರಲ್ಲಿ ಹೋಗಿಬರುತ್ತಾರೆ. ನಿಜವಾಗಿ ಎಲ್ಲಿಗಾದರೂ ಹೋಗಬೇಕಾದವರು ವಿಮಾನವನ್ನೇ ಹತ್ತಬೇಕು. ಹಾಗಾಗಿ ಹತ್ತು ಮನೆಗೊಂದರಂತೆ ಎರಡು ಸೀಟಿನ ಪುಟ್ಟ ವಿಮಾನಗಳಿವೆ. ಕೊಟ್ಟಿಗೆಯ ಪಕ್ಕದಲ್ಲೇ ತಗಡಿನ ಚಪ್ಪರ ಹಾಕಿ ನಿಲ್ಲಿಸಿಕೊಂಡಿರುತ್ತಾರೆ. ಬಾಲದೊಳಗೆ ಕೋಳಿ ಮೊಟ್ಟೆಯಿಡುತ್ತದೆ, ರೆಕ್ಕೆಯ ಮೇಲೆ ಹಪ್ಪಳ ಒಣಗುತ್ತದೆ. ನನ್ನದೂ ಒಂದಿದೆ. ಇಪ್ಪತ್ತೆರಡು ವರ್ಷದಿಂದ ಅದರಲ್ಲಿ ಸೊಪ್ಪು, ತರಕಾರಿ, ಒಂದೊಂದು ಸಲ ಆಡುಮರಿ ಹೊತ್ತು ಕಣಿವೆಯಾಚೆಯ ಹಟ್ಟಿಗಳಿಗೆ ಹಾರುತ್ತೇನೆ. ಊರಿಗೆಲ್ಲ ನಾನು ಈರಕ್ಕ.

ಇನ್ನು ಲೋಟದ ವಿಷಯ. ನಮ್ಮಲ್ಲಿ ಪ್ರತಿ ವಿಮಾನದಲ್ಲೂ ಹಾರಿಸುವವರ ಕಣ್ಣೆದುರಿಗೆ ಒಂದು ಹಿತ್ತಾಳೆ ಲೋಟ ಇರುತ್ತದೆ. ಹೊರಡುವ ಮುಂಚೆ ವಿಮಾನ ಏರಿಳಿಯುವ ಬಯಲಿನ ಗೇಟಿನಲ್ಲಿ ಕೂತಿರುವ ಮಲ್ಲಾಜಮ್ಮ ಅದಕ್ಕೆ ಗೆರೆಯವರೆಗೆ ಮಜ್ಜಿಗೆ ಹುಯ್ಯುತ್ತಾಳೆ. ಇಳಿದ ಮೇಲೆ ವೈಮಾನಿಕ ಕಚೇರಿಯ ರೇವಣಾರಾಧ್ಯರು ಬಂದು, ಕನ್ನಡಕ ಹಣೆಗೇರಿಸಿ, ಗೆರೆ ನೋಡುತ್ತಾರೆ. ಒಂದು ಬೆರಳು ಇಳಿದಿದ್ದರೆ ನಿಮ್ಮ ಲೈಸೆನ್ಸು ಮೂರು ತಿಂಗಳು ಕಚೇರಿಯ ಗೂಟಕ್ಕೆ. ಎರಡು ಬೆರಳಾದರೆ ಒಂದು ವರ್ಷ. ಲೋಟ ಪೂರ್ತಿ ಬರಿದಾದರೆ ಇದ್ದಷ್ಟು ಕಾಲ ಗೂಟಕ್ಕೇ. ಹೆಣ್ಣು ನೋಡಲು ಬಂದವರು ಹುಡುಗನ ಬಗ್ಗೆ ಹೇಳುವುದೂ ಹಾಗೆಯೇ: ಕುಡಿಯೋದಿಲ್ಲ, ಇಸ್ಪೀಟಿಲ್ಲ, ಹನ್ನೊಂದು ವರ್ಷದಿಂದ ಒಂದು ಹನಿ ತುಳುಕಿಸಿಲ್ಲ. ವಿಮಾನ ವಾಲಿದರೆ ಮಜ್ಜಿಗೆ ಚೆಲ್ಲುತ್ತದೆ, ಮಜ್ಜಿಗೆ ಚೆಲ್ಲುವವರು ಒಂದು ದಿನ ಬೀಳುತ್ತಾರೆ ಅನ್ನುವುದು ಊರಿನ ನಂಬಿಕೆ. ಆದ್ದರಿಂದ ಯಾರೂ ವಾಲಿಸುವುದಿಲ್ಲ. ತಿರುಗಬೇಕಾದರೆ ರೆಕ್ಕೆಗಳನ್ನು ಹಲಗೆಯ ಹಾಗೆ ಮಟ್ಟಸವಾಗಿ ಹಿಡಿದುಕೊಂಡು, ಕಾಲಿನ ಪೆಡಲನ್ನು ಒತ್ತಿ ಒತ್ತಿ, ಬಾಲವನ್ನು ಮೆಲ್ಲಗೆ ಜಾರಿಸಿ ತಿರುಗುತ್ತಾರೆ. ಒಂದು ತಿರುವಿಗೆ ಅರ್ಧ ತಾಲೂಕು ಬೇಕು.

ಬಯಲಿಗೆ ಇಳಿಯುವ ಮುಂಚಿನ ಕೊನೆಯ ತಿರುವು ಕೆರೆ ಏರಿಯ ಹುಣಸೆಮರದ ಮೇಲೆ ಬರುತ್ತದೆ. ಅಲ್ಲಿ ಹನ್ನೊಂದು ವರ್ಷದಲ್ಲಿ ಮೂರು ವಿಮಾನ ಬಿದ್ದವು. ಮೂರನೆಯದರಲ್ಲಿದ್ದವನು ನನ್ನ ತಮ್ಮ ಚೆಲುವರಾಜ. ವಾಲಿಸಿದ್ದರಿಂದ ಬಿದ್ದನೆಂದು ಕಚೇರಿಯಲ್ಲಿ ಬರೆದರು. ನಾನು ಏರಿಯ ಮೇಲೇ ನಿಂತಿದ್ದೆ, ಕಣ್ಣಾರೆ ನೋಡಿದೆ. ಅವನು ವಾಲಿಸಲಿಲ್ಲ. ಹಿಂದಿನ ಗಾಳಿ ಅವನನ್ನು ಬಯಲಿನ ನೇರದಿಂದ ಆಚೆಗೆ ತಳ್ಳಿತು. ಅವನು ಕಾಲನ್ನು ಇನ್ನಷ್ಟು ಒತ್ತಿದ. ರೆಕ್ಕೆ ಕೊನೆಯವರೆಗೂ ಮಟ್ಟಸವಾಗಿಯೇ ಇತ್ತು. ಆಮೇಲೆ ಯಾರೋ ಕೆಳಗಿನಿಂದ ಕೈ ಹಾಕಿ ಎಳೆದ ಹಾಗೆ ಎಡರೆಕ್ಕೆ ಹೋಯಿತು. ಇದನ್ನು ಹೇಳಿದರೆ, ಅಕ್ಕನಲ್ಲವೇ, ಅವಳು ಇನ್ನೇನು ಹೇಳಿಯಾಳು ಅಂದರು. ಅವನ ತಿಥಿಯ ಪಾಯಸದ ದಿನ ಕೂಡ ಹಾಗೆಯೇ ಅಂದರು, ನನ್ನ ಕೈಯಿಂದಲೇ ಬಡಿಸಿಕೊಂಡು.

ನಾನು ಕಲಿತದ್ದು ಒಂದು ಆಡುಮರಿಯಿಂದ. ತಮ್ಮ ಹೋದ ಮಾರನೆಯ ವರ್ಷ, ಹಟ್ಟಿಗೆ ಮರಿ ಸಾಗಿಸುತ್ತಿದ್ದೆ. ಕಣಿವೆಯ ಮೇಲೆ ತುಂಬ ಎತ್ತರದಲ್ಲಿದ್ದೆ, ಪುಣ್ಯ. ಮರಿ ಹಗ್ಗ ಕಿತ್ತುಕೊಂಡು ನನ್ನ ಹೆಗಲ ಮೇಲೆ ಕತ್ತು ಹಾಕಿತು. ಹಿಂದಕ್ಕೆ ತಳ್ಳಲು ತಿರುಗಿದೆ. ಗೊತ್ತಿಲ್ಲದೆ ಎಡಗಾಲು ಪೆಡಲನ್ನು ಪೂರ್ತಿ ಒತ್ತಿತು, ಕೈ ವಿಮಾನ ನಡೆಸುವ ಕೋಲನ್ನು ಹಿಂದಕ್ಕೆ ಎಳೆಯಿತು. ವಿಮಾನಕ್ಕೆ ಚಳಿಜ್ವರ ಬಂದ ಹಾಗೆ ನಡುಕ ಬಂತು, ಎಡರೆಕ್ಕೆ ಹೋಯಿತು, ಕೆಳಗಿನ ಕಣಿವೆ ಬೀಸುವ ಕಲ್ಲಿನ ಹಾಗೆ ಗರಗರ ತಿರುಗತೊಡಗಿತು. ಮೇಲೆ ಹೋಗಬೇಕಾದರೆ ಕೋಲು ಎಳೆಯಬೇಕು ಅಂತ ಎಲ್ಲರ ಹಾಗೆ ನಾನೂ ಕಲಿತವಳು. ಎಳೆದೆ. ಎಳೆದಷ್ಟೂ ಗಟ್ಟಿಯಾಗಿ ತಿರುಗಿತು. ಅಷ್ಟರಲ್ಲಿ ಮರಿ ಹೆಗಲು ದಾಟಿ ಮಡಿಲಿಗೆ ಬಿತ್ತು. ಎರಡೂ ಕೈಯಲ್ಲಿ ಅದನ್ನು ತಬ್ಬಿ ಹಿಡಿದೆ, ಅದರ ಒದೆತಕ್ಕೆ ಕಾಲನ್ನೂ ಮೇಲೆತ್ತಿಕೊಂಡೆ. ಕೋಲೂ ಇಲ್ಲ, ಪೆಡಲೂ ಇಲ್ಲ. ನಾನು ಬಿಟ್ಟದ್ದೇ ತಡ, ವಿಮಾನ ಇನ್ನೊಂದು ಸುತ್ತು ಹಾಕಿ ತಾನಾಗಿ ಸರಿಹೋಯಿತು.

ಅವತ್ತು ಹಟ್ಟಿಯಲ್ಲಿ ಇಳಿದು, ಮರಿ ಕೊಟ್ಟು, ಅವರ ಜಗಲಿಯ ಮೇಲೆ ಮಧ್ಯಾಹ್ನದವರೆಗೆ ಕೂತೆ. ಕಾಫಿ ತಂದರು, ಆರಿಹೋಯಿತು. ಚೆಲುವರಾಜ ನೆಲ ತಾಗುವವರೆಗೂ ಎಳೆಯುತ್ತಲೇ ಇದ್ದ ಅನ್ನುವುದೊಂದೇ ತಲೆಯಲ್ಲಿತ್ತು.

ಮಾರನೆಯ ದಿನ ಮರಿಯಿಲ್ಲದೆ, ಇನ್ನೂ ಎತ್ತರಕ್ಕೆ ಹೋಗಿ, ಬೇಕಂತಲೇ ಅದನ್ನೇ ಮಾಡಿದೆ. ಭಯವಾಗಲಿಲ್ಲವೇ ಅಂತ ಕೇಳುತ್ತಾರೆ. ಆಯಿತು. ಆದರೂ ದಿನಾ ಹೋದೆ. ಎಡಕ್ಕೆ ಸುತ್ತಿದರೆ ಬಲಗಾಲು, ಕೋಲು ಮುಂದಕ್ಕೆ, ತಿರುಗುವುದು ನಿಂತ ಮೇಲೆ ಮೆಲ್ಲಗೆ ಎತ್ತು. ಇದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡೆ. ಹೇಳಿಕೊಡುವವರು ಯಾರೂ ಇರಲಿಲ್ಲ, ಬಯ್ಯುವವರೂ ಇರಲಿಲ್ಲ, ಅದೊಂದು ಸುಖ. ಆಮೇಲೆ ವಿಮಾನವನ್ನು ಪೂರ್ತಿ ಮಗುಚಿ ಉರುಳಿಸಿದೆ. ಆಮೇಲೆ ಮೂತಿಯನ್ನು ಮೇಲೆತ್ತಿ ಆಕಾಶದಲ್ಲಿ ದೊಡ್ಡ ಸೊನ್ನೆ ಬರೆದೆ. ಆಮೇಲೆ ತಲೆಕೆಳಗಾಗಿ ನೇತಾಡುತ್ತ ಹತ್ತು ಎಣಿಸುವಷ್ಟು ಹೊತ್ತು ಹಾರಿದೆ. ಸೀಟಿನ ಕೆಳಗೆ ನಾಲ್ಕು ವರ್ಷದಿಂದ ಕಳೆದುಹೋಗಿದ್ದ ಓಲೆಯ ತಿರುಪು ಅವತ್ತು ನೇರ ಬಂದು ಮೂಗಿಗೆ ಬಡಿಯಿತು.

ಸೋಜಿಗವೆಂದರೆ, ಇದರಿಂದ ನನ್ನ ನೆಟ್ಟಗಿನ ಹಾರಾಟ ಬದಲಾಯಿತು. ಸೊಪ್ಪಿನ ಮೂಟೆ ಹೊತ್ತು ಹಟ್ಟಿಗೆ ಹೋಗುವ ಸಪ್ಪೆ ಹಾರಾಟ. ಮೊದಲು ಗಾಳಿ ಒಂದು ರೆಕ್ಕೆಯನ್ನು ಗೇಣುದ್ದ ಎತ್ತಿದರೆ ಎದೆ ಬಾಯಿಗೆ ಬರುತ್ತಿತ್ತು. ಪೂರ್ತಿ ಮಗುಚಿ ನೋಡಿದವಳಿಗೆ ಗೇಣು ಯಾವ ಲೆಕ್ಕ? ಕೋಲನ್ನು ಕತ್ತು ಹಿಸುಕುವ ಹಾಗೆ ಹಿಡಿಯುತ್ತಿದ್ದವಳು ಎರಡು ಬೆರಳಲ್ಲಿ ಹಿಡಿಯತೊಡಗಿದೆ. ವೇಗ ಕಡಿಮೆಯಾದರೆ ವೇಗ ತೋರಿಸುವ ಮುಳ್ಳು ನೋಡುವ ಮುಂಚೆಯೇ ಗಾಳಿಯ ಸದ್ದು ಕಿವಿಗೆ ಹೇಳುತ್ತಿತ್ತು, ಕುಂಡೆಗೂ ಹೇಳುತ್ತಿತ್ತು. ಸತ್ತಂತೆ ಬಿದ್ದಿದ್ದ ಕಾಲುಗಳಿಗೆ ಜೀವ ಬಂತು. ಅಡ್ಡಗಾಳಿಯಲ್ಲಿ ಹಟ್ಟಿಯ ಕಿರಿದಾದ ಬಯಲಿಗೆ ಇಳಿಯುವುದು ಮುಂಚೆ ದೇವರ ಹೆಸರು ಹೇಳಿಕೊಂಡು ಮಾಡುವ ಕೆಲಸ. ಈಗ ರಾಗಿ ಕೇರುವಷ್ಟೇ ಸಲೀಸು.

ಎರಡು ವರ್ಷದ ಹಿಂದೆ ದಾಕ್ಷಾಯಿಣಿ ಸಿಕ್ಕಿಬಿದ್ದಳು, ಅಥವಾ ನಾನು ಸಿಕ್ಕಿಬಿದ್ದೆ. ಅವಳು ನಮ್ಮ ಆಸ್ಪತ್ರೆಯ ಸೂಲಗಿತ್ತಿ; ಹೆರಿಗೆ ಬ್ಯಾಗು ಇಟ್ಟುಕೊಂಡು ಹಟ್ಟಿಯಿಂದ ಹಟ್ಟಿಗೆ ಹಾರುವವಳು. ಮೂವತ್ತು ದಾಟಿಲ್ಲ, ನಾಲಿಗೆ ಮಾತ್ರ ಅರವತ್ತರದು. ಒಂದು ದಿನ ಬಯಲಿನಲ್ಲಿ ನನ್ನ ಪಕ್ಕ ಬಂದು ನಿಂತು, ಏನೂ ಗೊತ್ತಿಲ್ಲದವಳ ಹಾಗೆ ಸೊಪ್ಪು ಆರಿಸುತ್ತ ಅಂದಳು:

“ನಿನ್ನೆ ನಿಮ್ಮ ವಿಮಾನದ ಚಕ್ರ ನೋಡಿದೆ ಈರಕ್ಕ. ನಾನು ಮೇಲಿದ್ದೆ, ನೀವು ಕೆಳಗಿದ್ರಿ.”

ನಾನು ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸಿದೆ.

“ನನಗೂ ಹೇಳಿಕೊಡಿ. ಇಲ್ಲಾಂದ್ರೆ ಆರಾಧ್ಯರ ಹತ್ರ ಹೋಗ್ತೀನಿ.”

“ಹೋಗಿ ಏನಂತ ಹೇಳ್ತೀಯ?”

“ನಿಮಗಾದ್ರೂ ಹೇಳಿಕೊಡ್ತಾರೇನೋ ಕೇಳಿನೋಡಿ ಸ್ವಾಮಿ, ಅಂತೀನಿ.”

ಹೀಗೆ ಶುರುವಾಯಿತು. ಕಣಿವೆಯಾಚೆ, ಬೆಟ್ಟದ ಮರೆಯಲ್ಲಿ, ವಾರಕ್ಕೆರಡು ದಿನ. ಮೊದಲ ದಿನ ಅವಳು ತಿಂದದ್ದೆಲ್ಲ ಹೊರಗೆ ಬಂತು. ಎರಡನೆಯ ದಿನ ಏನೂ ತಿನ್ನದೆ ಬಂದಳು, ಆದರೂ ಬಂತು. ಮೂರನೆಯ ವಾರಕ್ಕೆ ಅವಳೇ ನನಗೆ ಪಾಠ ಹೇಳತೊಡಗಿದಳು. ಹೆರಿಗೆಯಲ್ಲಿ ಒದ್ದಾಡುವ ಹೆಂಗಸರಿಗೆ ತಾನು ಹೇಳುವುದೂ ಇದನ್ನೇ ಅಂತೆ: ಹಲ್ಲು ಕಚ್ಚಿ ಬಿಗಿಹಿಡೀಬೇಡ ಕಣಮ್ಮ, ಸಡಿಲ ಬಿಡು, ದಾರಿ ಅದಕ್ಕೇ ಗೊತ್ತು. ಲೋಟದ ಗತಿ ಏನು ಅಂತೀರ? ಹೋಗುತ್ತಲೇ ಮಜ್ಜಿಗೆ ಕುಡಿದುಬಿಡುತ್ತಿದ್ದೆವು. ಬರುವಾಗ ಬಾಟಲಿಯಲ್ಲಿ ತಂದದ್ದನ್ನು ಗೆರೆಯವರೆಗೆ ಹುಯ್ದುಕೊಂಡು ಇಳಿಯುತ್ತಿದ್ದೆವು. ಆರಾಧ್ಯರು ಕನ್ನಡಕ ಹಣೆಗೇರಿಸಿ ನೋಡಿ ತಲೆಯಾಡಿಸುತ್ತಿದ್ದರು. ಆರು ತಿಂಗಳಾದ ಮೇಲೆ ಒಂದು ದಿನ ಮಲ್ಲಾಜಮ್ಮ ನನ್ನನ್ನು ಗೇಟಿನ ಹಿಂದಕ್ಕೆ ಕರೆದು, ತನ್ನ ಮಜ್ಜಿಗೆಗೆ ತಾನು ಶುಂಠಿ ಜಜ್ಜಿ ಹಾಕುತ್ತೇನೆಂದೂ, ನಾವು ವಾಪಸು ತರುವ ಮಜ್ಜಿಗೆಯಲ್ಲಿ ಶುಂಠಿಯೇ ಇರುವುದಿಲ್ಲವೆಂದೂ ಹೇಳಿದಳು. ನನ್ನ ಜೀವ ಹಾರಿಹೋಯಿತು. ಅವಳು ಸೆರಗಿನೊಳಗಿಂದ ಶುಂಠಿ ಹಾಕಿದ ಮಜ್ಜಿಗೆಯ ಬಾಟಲಿಯೊಂದನ್ನು ತೆಗೆದು ನನ್ನ ಬುಟ್ಟಿಗೆ ಹಾಕಿ, ಗೇಟಿಗೆ ಹೋಗಿ ಕೂತುಕೊಂಡಳು.

ಹೋದ ಆಷಾಢದಲ್ಲಿ ನಡೆದದ್ದು ಇದು. ಬೆಳಿಗ್ಗೆ ಒಂಬತ್ತೂವರೆ ಇರಬಹುದು. ಗಾಳಿ ಹೆಂಚು ಹಾರಿಸುವಂತಿತ್ತು. ದಾಕ್ಷಾಯಿಣಿ ಹಟ್ಟಿಯಿಂದ ತುಂಬಿದ ಬಸುರಿಯೊಬ್ಬಳನ್ನು ಕರೆತರುತ್ತಿದ್ದಳು. ಮಗು ಅಡ್ಡ ತಿರುಗಿತ್ತಂತೆ, ಅಲ್ಲಿ ಆಗುವ ಹೆರಿಗೆಯಲ್ಲ. ನಾವೊಂದು ಇಪ್ಪತ್ತು ಜನ ಬಯಲಿನಲ್ಲಿದ್ದೆವು. ಆರಾಧ್ಯರು ಕಚೇರಿಯ ತಾರಸಿಯ ಮೇಲೆ ದುರ್ಬೀನು ಹಿಡಿದು ನಿಂತಿದ್ದರು. ಅವಳು ಹುಣಸೆಮರದ ಮೇಲೆ ಬಂದಳು. ಬೆಟ್ಟದಾಚೆ ಅವಳು ತಿರುಗುವ ರೀತಿಯೇ ಬೇರೆ. ರೆಕ್ಕೆ ವಾಲಿಸಿ, ಕೈ ಕಾಲು ಎರಡನ್ನೂ ಹದವಾಗಿ ಕೂಡಿಸಿ, ಬೆಣ್ಣೆಯಲ್ಲಿ ಎಳೆದ ಹಾಗೆ ತಿರುಗುತ್ತಾಳೆ. ಇಲ್ಲಿ ದುರ್ಬೀನು ಇತ್ತಲ್ಲ. ಊರಿನವರೆಲ್ಲರ ಹಾಗೆ ರೆಕ್ಕೆ ಮಟ್ಟಸ ಇಟ್ಟುಕೊಂಡು ಕಾಲಿನಲ್ಲೇ ತಿರುಗಿಸಿದಳು. ಗಾಳಿ ಅವಳನ್ನು ಬಯಲಿನ ನೇರದಿಂದ ಆಚೆಗೆ ತಳ್ಳಿತು. ಕಾಲು ಇನ್ನಷ್ಟು ಒತ್ತಿದ್ದು ನನಗೆ ನೆಲದಿಂದಲೇ ಕಂಡಿತು. ಬಾಲ ಜಾರಿತು. ನನ್ನ ತಮ್ಮನ ರೆಕ್ಕೆ ಹೋದ ಹಾಗೇ ಅವಳ ಎಡರೆಕ್ಕೆ ಹೋಯಿತು.

ಅವಳು ಎಳೆಯಲಿಲ್ಲ. ನೆಲ ಅಷ್ಟು ಹತ್ತಿರ ಇರುವಾಗ ಮೂತಿಯನ್ನು ನೆಲದ ಕಡೆಗೇ ತಳ್ಳಿದಳು. ಸುತ್ತ ನಿಂತವರು ಕಣ್ಣು ಮುಚ್ಚಿಕೊಂಡರು, ಯಾರೋ ಹೋಯ್ತು ಅಂದರು. ತಳ್ಳಿದ ಕ್ಷಣಕ್ಕೇ ರೆಕ್ಕೆಗೆ ಗಾಳಿ ಕಚ್ಚಿತು, ಬಲಗಾಲಿಗೆ ಬಾಲ ನೆಟ್ಟಗಾಯಿತು. ಕೆರೆಯ ನೀರಿಗೆ ಚಕ್ರ ತಾಗುವಂತೆ ಹಾದು, ಇಂಜಿನ್ನಿಗೆ ಪೂರ್ತಿ ಜೋರು ಕೊಟ್ಟು ಮೇಲೇರಿ, ಇನ್ನೊಂದು ಸುತ್ತು ಬಂದಳು. ಈ ಸಲ ದುರ್ಬೀನಿನ ಹಂಗು ಬಿಟ್ಟು ರೆಕ್ಕೆಯನ್ನು ಚೆನ್ನಾಗಿ ವಾಲಿಸಿ ತಿರುಗಿ, ಹೂವಿನ ಹಾಗೆ ಇಳಿದಳು. ಆಸ್ಪತ್ರೆಯಲ್ಲಿ ಹನ್ನೆರಡಕ್ಕೆ ಮಗು ಹುಟ್ಟಿತು. ಹೆಣ್ಣು, ಮೂರು ಕೇಜಿ.

ವಿಮಾನದಿಂದ ಇಳಿದಾಗ ದಾಕ್ಷಾಯಿಣಿಯ ಕೂದಲಿಂದ ಮಜ್ಜಿಗೆ ತೊಟ್ಟಿಕ್ಕುತ್ತಿತ್ತು, ಬಸುರಿಯ ಸೀರೆಯ ಮೇಲೆ ಕರಿಬೇವು. ಆರಾಧ್ಯರು ಬಂದರು, ಕನ್ನಡಕ ಹಣೆಗೇರಿಸಿದರು, ಬರಿದಾದ ಲೋಟವನ್ನು ತಲೆಕೆಳಗು ಮಾಡಿ ನೋಡಿದರು. ಅವಳ ಲೈಸೆನ್ಸನ್ನು ಗೂಟಕ್ಕೆ ಹಾಕಿದರು, ಇದ್ದಷ್ಟು ಕಾಲಕ್ಕೆ. ಆ ವಾರ ಹಟ್ಟಿಗಳಲ್ಲಿ ಇನ್ನೂ ನಾಲ್ವರು ಬಸುರಿಯರು ದಿನ ಎಣಿಸುತ್ತಿದ್ದರು. ಅವರ ಹತ್ತಿರ ಹಾರಿ ಹೋಗಬಲ್ಲ ಬೇರೆ ಸೂಲಗಿತ್ತಿ ಊರಲ್ಲಿಲ್ಲ.

ಮಾರನೆಯ ದಿನ ಕಚೇರಿಯಲ್ಲಿ ವಿಚಾರಣೆ. ಅರ್ಧ ಊರು ಕಿಟಕಿಯಲ್ಲಿತ್ತು. ಆರಾಧ್ಯರು ಕೆಟ್ಟವರಲ್ಲ, ಇದನ್ನು ಹೇಳಬೇಕು. ಮೂವತ್ತೊಂದು ವರ್ಷ ಹನಿ ತುಳುಕಿಸದೆ ಹಾರಿದವರು, ಊರಿನ ಮುಕ್ಕಾಲುಪಾಲು ಜನಕ್ಕೆ ಹಾರುವುದನ್ನು ಹೇಳಿಕೊಟ್ಟವರು. ದನಿ ಏರಿಸದೆ ಕೇಳಿದರು, ನೆಲ ಎದುರಿಗಿರುವಾಗ ಮೂತಿಯನ್ನು ನೆಲಕ್ಕೆ ತಳ್ಳುವ ಹುಚ್ಚನ್ನು ನಿನಗೆ ಯಾರಮ್ಮ ಕಲಿಸಿದರು ಅಂತ. ದಾಕ್ಷಾಯಿಣಿ ತನ್ನ ಉಗುರು ನೋಡಿಕೊಳ್ಳುತ್ತ ನಿಂತಳು. ಎರಡನೆಯ ಸಲ ಕೇಳಿದರು. ಕೈ ಜಾರಿತು ಅಂದುಬಿಡು, ತಪ್ಪಾಯಿತು ಅಂತ ಬರೆದುಕೊಡು, ಒಂದು ವರ್ಷಕ್ಕೆ ಇಳಿಸೋಣ ಅಂದರು. ಅವಳು ಇನ್ನೊಂದು ಕೈಯ ಉಗುರು ನೋಡತೊಡಗಿದಳು. ನಾನು ಬೆಂಚಿನಿಂದ ಎದ್ದೆ.

“ನಾನು ಕಲಿಸಿದೆ. ಜಾರಲಿಲ್ಲ ಅವಳ ಕೈ. ಮಾಡಬೇಕಾದ್ದನ್ನೇ ಮಾಡಿದಳು.”

ಆಮೇಲೆ ಎಲ್ಲವನ್ನೂ ಹೇಳಿದೆ. ಆಡುಮರಿ, ಕ್ಯಾಲೆಂಡರು, ಬೆಟ್ಟದ ಮರೆ, ಬಾಟಲಿ. ಶುಂಠಿಯ ವಿಷಯ ಮಾತ್ರ ಹೇಳಲಿಲ್ಲ. ಸರಿಯಾಗಿ ಉರುಳಿಸಿದರೆ, ತುಂಬಿದ ಬಕೆಟ್ಟನ್ನು ಮಕ್ಕಳು ಗಿರ್ರನೆ ತಿರುಗಿಸಿದಾಗ ನೀರು ಹೇಗೆ ಚೆಲ್ಲುವುದಿಲ್ಲವೋ ಹಾಗೆ ಮಜ್ಜಿಗೆಯೂ ಚೆಲ್ಲುವುದಿಲ್ಲ, ನಿಮ್ಮ ಲೋಟಕ್ಕೆ ವಾಲಿದ್ದು ಗೊತ್ತೇ ಆಗುವುದಿಲ್ಲ ಅಂದೆ. ಕಿಟಕಿಯಲ್ಲಿದ್ದವರು ನಕ್ಕರು. ಬೇಕಾದರೆ ಆರಾಧ್ಯರೇ ಬಂದು ಕೂರಲಿ ಅಂದೆ. ಅವರು ಶಾಲು ಸರಿಮಾಡಿಕೊಂಡರು. ಆಗ ಮಲ್ಲಾಜಮ್ಮ ಜನರನ್ನು ಸರಿಸಿಕೊಂಡು ಒಳಗೆ ಬಂದಳು. ಇಪ್ಪತ್ತಾರು ವರ್ಷದಿಂದ ಲೋಟ ತುಂಬಿಸಿದವಳು ಒಂದು ದಿನವೂ ವಿಮಾನ ಹತ್ತಿದವಳಲ್ಲ. ಇವತ್ತು ಹತ್ತುತ್ತೇನೆ, ನನ್ನ ಮಜ್ಜಿಗೆ ಎಲ್ಲಿಗೆ ಹೋಗುತ್ತದೆ ನಾನೇ ನೋಡುತ್ತೇನೆ ಅಂದಳು.

ಅವಳ ಕೈಗೇ ಲೋಟ ಕೊಟ್ಟು, ಕಚೇರಿಯ ನೆತ್ತಿಯ ಮೇಲೆ, ಎಲ್ಲರೂ ಕತ್ತೆತ್ತಿ ನೋಡುವ ಹಾಗೆ ದೊಡ್ಡದಾಗಿ ಒಂದು ಉರುಳು ಉರುಳಿಸಿದೆ. ಇಳಿದು ಬಂದು ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. ಗೆರೆಯಿಂದ ಒಂದು ಕೂದಲೆಳೆಯೂ ಇಳಿದಿರಲಿಲ್ಲ. ಊರು ನನ್ನ ತಲೆಯ ಮೇಲೆ ಬಂತು, ನೋಡಿದೆ, ಹೋಯಿತು ಅಂದಳು. ಹಣೆಯ ಕುಂಕುಮ ಕೂಡ ಅಲುಗಲಿಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಮನೆಯ ಹಿತ್ತಿಲಿನ ಹಾಗಲಬಳ್ಳಿಯನ್ನು ಎಮ್ಮೆ ತಿನ್ನುತ್ತಿದ್ದದ್ದೂ ಕಂಡಿತಂತೆ, ಹಾಗಾಗಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಆರಾಧ್ಯರು ಲೋಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಮಜ್ಜಿಗೆ ತುಳುಕಲಿಲ್ಲ, ಒಪ್ಪಿದೆ. ಊರಿನ ಮರ್ಯಾದೆ ತುಳುಕಿತು” ಅಂದರು.

ನನಗೆ ಅಲ್ಲಿಯವರೆಗೆ ಸಿಟ್ಟು ಬಂದಿರಲಿಲ್ಲ.

“ನನ್ನ ತಮ್ಮ ನೆಲ ಸೇರುವವರೆಗೂ ಕೋಲು ಎಳೀತಾನೇ ಇದ್ದ, ಆರಾಧ್ಯರೇ. ಎಳಿ ಅಂತ ಅವನಿಗೆ ಹೇಳಿಕೊಟ್ಟವಳು ನಾನು. ನನಗೆ ಹೇಳಿಕೊಟ್ಟವರು ನೀವು. ನಿಮಗೆ ಯಾರು ಹೇಳಿಕೊಟ್ಟರೋ ನನಗೆ ಗೊತ್ತಿಲ್ಲ. ನಾನು ಮಾತ್ರ ಇನ್ನು ಯಾರಿಗೂ ಅದನ್ನು ಹೇಳಿಕೊಡಲ್ಲ.”

ಆರಾಧ್ಯರು ಕನ್ನಡಕ ತೆಗೆದು ಶಾಲಿನ ತುದಿಯಲ್ಲಿ ಒರೆಸಿದರು, ಮತ್ತೆ ಒರೆಸಿದರು. ಕಾಗದ ಎಳೆದುಕೊಂಡು ತೀರ್ಪು ಬರೆದರು. ದಾಕ್ಷಾಯಿಣಿ ಕಲಿತವಳಷ್ಟೇ, ತಪ್ಪು ಕಲಿಸಿದವಳದು. ಈರಮ್ಮ ತನ್ನ ಲೈಸೆನ್ಸನ್ನು ಒಪ್ಪಿಸಿದರೆ ದಾಕ್ಷಾಯಿಣಿಯದನ್ನು ಇವತ್ತೇ ಗೂಟದಿಂದ ಇಳಿಸುವುದು. ಒಪ್ಪಿಸಿದ ದಿನದಿಂದ ಈರಮ್ಮ ಯಾವ ವಿಮಾನದ ಮುಂದಿನ ಸೀಟಿನಲ್ಲೂ ಕೂರತಕ್ಕದ್ದಲ್ಲ.

ದಾಕ್ಷಾಯಿಣಿ ನನ್ನ ಕೈ ಹಿಡಿದು, ಬೇಡ ಅಕ್ಕ, ಇಪ್ಪತ್ತೆರಡು ವರ್ಷದ್ದು ಅಂದಳು. ಆ ನಾಲ್ವರು ಬಸುರಿಯರಿಗೆ ನೀನು ಹೋಗಿ ಹೇಳ್ತೀಯ ಅಂತ ಕೇಳಿದೆ. ಅವಳು ಕೈ ಬಿಟ್ಟಳು. ಸೆರಗಿನ ಗಂಟಿನಿಂದ ಲೈಸೆನ್ಸು ತೆಗೆದೆ. ಬೆವರಿಗೆ ಮೆತ್ತಗಾಗಿತ್ತು, ಫೋಟೋದಲ್ಲಿ ನನಗೆ ಎರಡು ಜಡೆ. ಮೇಜಿನ ಮೇಲಿಟ್ಟೆ. ಅದು ಹಗುರ ಕೆಲಸವಾಗಿರಲಿಲ್ಲ.

“ಇನ್ನು ಕಲಿಸೋದಿಲ್ಲ ಅಂತ ಒಂದು ಸಾಲು ಬರೆದು ಸಹಿ ಹಾಕಮ್ಮ” ಅಂದರು ಆರಾಧ್ಯರು.

“ಅದನ್ನು ಹಾಕಲ್ಲ” ಅಂದೆ.

“ಮುಂದಿನ ಸೀಟೇ ಇಲ್ಲದೆ ಹೇಗೆ ಕಲಿಸ್ತೀಯ?”

“ಹಿಂದಿನ ಸೀಟಿದೆಯಲ್ಲ. ಪ್ರಯಾಣಿಕರ ಬಾಯಿಗೆ ಲೈಸೆನ್ಸು ಬೇಕು ಅಂತ ನಿಮ್ಮ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ.”

ಅವರು ಪುಸ್ತಕ ತೆಗೆದು ನೋಡಿದರು. ನಾನು ಕಾದೆ. ಬರೆದಿರಲಿಲ್ಲ.

ಈಗ ನನ್ನ ಸೊಪ್ಪನ್ನು ದಾಕ್ಷಾಯಿಣಿಯೇ ಹೆರಿಗೆ ಬ್ಯಾಗಿನ ಜೊತೆ ಹೊತ್ತೊಯ್ಯುತ್ತಾಳೆ. ಬಸುರಿಯರು ನಾಲ್ವರೂ ಹೆತ್ತರು. ನಾನು ದಿನಾ ಬೆಳಿಗ್ಗೆ ಬಯಲಿನಲ್ಲಿ, ಕಾಸಿಲ್ಲದ ಪ್ರಯಾಣಿಕಳಾಗಿ, ಯಾರಾದರೂ ಕರೆದುಕೊಂಡು ಹೋಗಿಯಾರು ಅಂತ ಕೂತಿರುತ್ತೇನೆ. ಮೊದಲ ವಾರ ಯಾರೂ ಕರೆಯಲಿಲ್ಲ. ಎಲ್ಲರೂ ನನ್ನನ್ನು ನೋಡದ ಹಾಗೆ ನೋಡಿಕೊಂಡು ಹೋದರು. ಎರಡನೆಯ ವಾರ ಟಪಾಲಿನವನು ಬಂದು, ಅಕ್ಕ, ಕಣಿವೆಯಾಚೆ ಒಂದು ಕಾಗದ ಕೊಡೋದಿದೆ, ಸುಮ್ಮನೆ ಜೊತೆಗೆ ಬರ್ತೀರಾ ಅಂದ. ಅವನ ಕೈಯಲ್ಲಿ ಕಾಗದ ಇರಲಿಲ್ಲ. ಈಗ ಒಂಬತ್ತು ಮಂದಿಯಾಗಿದ್ದಾರೆ. ಪ್ರಯಾಣಿಕರು ಹಾರಾಟದ ವೇಳೆ ಮಾತನಾಡಬಾರದು ಎಂದು ಕಚೇರಿಯಿಂದ ಒಂದು ನೋಟೀಸು ಬಂತು. ಅದನ್ನು ಓದಿ ನಗದವರು ಊರಲ್ಲಿ ಯಾರೂ ಇಲ್ಲ, ಅಂಟಿಸಲು ಬಂದ ಜವಾನನೂ ಸೇರಿ.

ಇವತ್ತು ಬೆಟ್ಟದ ಮರೆಗೆ ಹೋಗಲಿಲ್ಲ. ಟಪಾಲಿನವನಿಗೆ ನೇರ ಹುಣಸೆಮರದ ಮೇಲಕ್ಕೇ ನಡಿ ಅಂದೆ, ತುಂಬ ಎತ್ತರಕ್ಕೆ. ಬೆಳಗಿನ ಹತ್ತು ಗಂಟೆ, ಊರೆಲ್ಲ ಬಿಸಿಲಿನಲ್ಲಿ ಕೆಲಸದಲ್ಲಿತ್ತು. ಎಡಗಾಲು ಒತ್ತು ಅಂದೆ, ಒತ್ತಿದ. ಎಳಿ ಅಂದೆ, ಎಳೆದ. ವಿಮಾನ ನಡುಗಿತು, ಎಡರೆಕ್ಕೆ ಹೋಯಿತು, ಕೆರೆ, ಏರಿ, ಮರ ಎಲ್ಲ ಸುತ್ತತೊಡಗಿದವು. ಅವನು ಅವ್ವಾ ಅಂತ ಕೂಗಿಕೊಂಡ. ಕೆಳಗೆ ಜನ ಅಂಗಳಗಳಿಗೆ ಓಡಿ ಬರುತ್ತಿದ್ದರು, ಇರುವೆಗಳ ಹಾಗೆ. ಕಚೇರಿಯ ತಾರಸಿಯ ಮೇಲೆ ಒಂದು ಬಿಳಿ ಶಾಲು ನಿಂತಿತ್ತು. ನೋಡಲಿ. ನಾನು ಅವನ ಕಿವಿಯ ಹತ್ತಿರ ಬಾಗಿ, ಇಂಜಿನ್ನಿಗಿಂತ ಜೋರಾಗಿ, ತಳ್ಳೋ, ಬಲಗಾಲು ಅಂದೆ. ತಳ್ಳಿದ. ಸುತ್ತುವುದು ನಿಂತಿತು. ಮರ ಮರದ ಜಾಗದಲ್ಲಿ, ಕೆರೆ ಕೆರೆಯ ಜಾಗದಲ್ಲಿ ಬಂದು ನಿಂತವು, ನಾವು ಮೇಲೇರುತ್ತಿದ್ದೆವು. ಅವನು ಅಳುತ್ತಿದ್ದನೋ ನಗುತ್ತಿದ್ದನೋ ಹಿಂದಿನ ಸೀಟಿನಿಂದ ಗೊತ್ತಾಗಲಿಲ್ಲ. ಇಳಿಯೋಣವಾ ಅಕ್ಕ ಅಂತ ಕೇಳಿದ.

“ಯಾಕೆ ಇಳಿಯೋದು? ಈಗ ಬಲಗಡೆಗೆ.”